ಹನ್ನೆರಡು ಮಿಲಿಮೀಟರಿನಲ್ಲಿ ಮೈಸೂರು ರೈಲು

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರ ಹಳೆಯ ತಲೆಮಾರಿಗೆ ಮಿರಜ ಎಂದರೆ ಮೊದಲು ನೆನಪಾಗುವುದು ರೈಲು ಬದಲಿಸುವ ಗಡಿಬಿಡಿ. ಮಹಾಲಕ್ಷ್ಮಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಕಳೆದವರು ಬೆಳಗಿನ ಹೊತ್ತಿಗೆ ಅಲ್ಲಿ ಇಳಿಯುತ್ತಿದ್ದರು. ಟ್ರಂಕು, ಹಾಸಿಗೆ ಸುರುಳಿ, ಊರಿನವರಿಗೆಂದು ಕಟ್ಟಿಕೊಂಡ ಗಂಟು, ನಿದ್ದೆಗಣ್ಣಿನ ಮಕ್ಕಳು, ಎಲ್ಲವನ್ನೂ ಎಣಿಸಿಕೊಂಡು ಇನ್ನೊಂದು ರೈಲಿನತ್ತ ನಡೆಯಬೇಕು. ಆ ರೈಲಿನ ಬೋಗಿ ಕಿರಿದು, ಎಂಜಿನ್ ಗಿಡ್ಡ, ಕೆಳಗಿನ ಹಳಿಗಳು ಹತ್ತಿರ ಹತ್ತಿರ. ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಕಡೆಯ ಮೀಟರ್ ಗೇಜ್ ಅಲ್ಲಿಂದ ಶುರುವಾಗುತ್ತಿತ್ತು. 1970ರ ದಶಕಕ್ಕೂ ಮುಂಚೆ ಈ ಬದಲಾವಣೆ ಪುಣೆಯಲ್ಲೇ ಆಗುತ್ತಿತ್ತು.

ಬ್ರಾಡ್ ಗೇಜಿನ ಎರಡು ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. ಮೀಟರ್ ಗೇಜಿನದು ಹೆಸರೇ ಹೇಳುವಂತೆ 1000. ಈ 676 ಮಿಲಿಮೀಟರಿನ ವ್ಯತ್ಯಾಸ, ಅಂದರೆ ಸುಮಾರು ಎರಡೂಕಾಲು ಅಡಿ, ಒಂದು ಶತಮಾನಕ್ಕೂ ಹೆಚ್ಚು ಕಾಲ ದಕ್ಷಿಣ ಭಾರತದ ಜನರನ್ನೂ ಸರಕನ್ನೂ ನಡುದಾರಿಯಲ್ಲಿ ಇಳಿಸಿ ಹತ್ತಿಸಿತು. ಈಗ ಆ ದಾರಿಗಳೆಲ್ಲ ಬ್ರಾಡ್ ಗೇಜ್ ಆಗಿವೆ. ಮಿರಜದಲ್ಲಿ ಆ ಕಾರಣಕ್ಕೆ ಯಾರೂ ಇಳಿಯಬೇಕಿಲ್ಲ. ಎರಡು ಅಳತೆಯ ರೈಲುಗಳು ಒಂದೇ ನಿಲ್ದಾಣದಲ್ಲಿ ನಿಂತಿದ್ದ ದೃಶ್ಯವನ್ನು ಮತ್ತೆ ಕಾಣಬೇಕಾದರೆ ಉಳಿದಿರುವ ಜಾಗಗಳು ಮೂರೇ: ಹಳೆಯ ಫೋಟೋ, ಹಿರಿಯರ ನೆನಪು, ಮತ್ತು ಯಾರಾದರೂ ಮನೆಯ ಮೇಜಿನ ಮೇಲೆ ಕಟ್ಟುವ ಚಿಕ್ಕ ಮಾದರಿ.

ಮೂರನೆಯದು ಮಕ್ಕಳಾಟದಂತೆ ಕಾಣುತ್ತದೆ. ಕಟ್ಟಲು ಕುಳಿತರೆ ಮಾತ್ರ ಮೊದಲ ದಿನವೇ ಭಾರತದ ರೈಲ್ವೆಯ ಇತಿಹಾಸ ಅಡ್ಡ ಬಂದು ನಿಲ್ಲುತ್ತದೆ.

*

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ರೈಲಿನ ಅಳತೆಗೆ ಎಚ್‌ಓ ಎಂದು ಹೆಸರು. ಹಿಂದಿನ ಓ ಅಳತೆಯ ಅರ್ಧ ಎಂಬುದು ಅದರ ಅರ್ಥ. ನಿಜವಾದ ವಸ್ತುವಿನ 87ನೇ ಒಂದು ಭಾಗ. ಆರು ಅಡಿ ಎತ್ತರದ ಮನುಷ್ಯ ಇದರಲ್ಲಿ 21 ಮಿಲಿಮೀಟರ್ ಆಗುತ್ತಾನೆ. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ಅಗಲ 16.5 ಮಿಲಿಮೀಟರ್. ಯುರೋಪು, ಅಮೆರಿಕಗಳ ಸ್ಟ್ಯಾಂಡರ್ಡ್ ಗೇಜ್ 1435 ಮಿಲಿಮೀಟರನ್ನು 87ರಿಂದ ಭಾಗಿಸಿದರೆ ಬರುವುದು ಅದೇ ಅಂಕಿ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಆಟಿಕೆ ರೈಲುಗಳಿಗೆ ಗೊತ್ತಾದ ಹಳಿ ಅಳತೆಗಳನ್ನು ಮುಂದಿಟ್ಟಂದಿನಿಂದ ಈ ಉದ್ಯಮ ತನ್ನ ಸುತ್ತಲಿನ ರೈಲುಗಳನ್ನೇ ನೋಡಿ ಬೆಳೆಯಿತು. ಆ ಲೆಕ್ಕದಲ್ಲಿ ಭಾರತ ಇರಲಿಲ್ಲ.

ನಮ್ಮ ಬ್ರಾಡ್ ಗೇಜನ್ನು 87ರಿಂದ ಭಾಗಿಸಿದರೆ 19.26 ಮಿಲಿಮೀಟರ್ ಬರುತ್ತದೆ. ಆ ಅಗಲದ ಹಳಿ ಸಾಮಾನ್ಯ ಅಂಗಡಿಯಲ್ಲಿ ಸಿಗುವುದಿಲ್ಲ. ತಮಾಷೆಯೆಂದರೆ, ಸಿದ್ಧ ಎಚ್‌ಓ ಹಳಿಯ ಮೇಲೆ ಸರಿಯಾದ ಅಳತೆಯಲ್ಲಿ ಓಡಬಲ್ಲ ಬೆಂಗಳೂರಿನ ರೈಲು ಒಂದೇ, ನಮ್ಮ ಮೆಟ್ರೊ. ಅದರ ಹಳಿ 1435 ಮಿಲಿಮೀಟರಿನದು.

ಹಾಗಾಗಿ ಭಾರತದ ಬ್ರಾಡ್ ಗೇಜ್ ಕಟ್ಟಹೊರಟವನ ಮುಂದೆ ಮೂರು ದಾರಿಗಳಿವೆ. ಮೊದಲನೆಯದು, ಬೋಗಿಯನ್ನು 87ನೇ ಒಂದು ಭಾಗಕ್ಕೆ ಕಟ್ಟಿ 16.5ರ ಹಳಿಯ ಮೇಲೆಯೇ ಇಡುವುದು. ಓಡುತ್ತದೆ, ಆದರೆ ಎದುರಿನಿಂದ ನೋಡಿದಾಗ ದಪ್ಪ ಮನುಷ್ಯ ಕಾಲು ಜೋಡಿಸಿ ನಿಂತಂತೆ ಕಾಣುತ್ತದೆ. ಎರಡನೆಯದು, ಹಳಿಯನ್ನು ತಾನೇ ಹಾಕಿಕೊಳ್ಳುವುದು: ಮರದ ಕಡ್ಡಿಗಳನ್ನು ಸ್ಲೀಪರ್ ಆಗಿ ಕತ್ತರಿಸಿ, ಸಣ್ಣ ಹಳಿಯನ್ನು ಒಂದೊಂದಾಗಿ ಕೂರಿಸಿ, ಗಾಲಿಗಳ ಅಚ್ಚನ್ನೂ ಬದಲಿಸಬೇಕು. ಮೂರನೆಯದು, ಹಳಿಯನ್ನು ಹಾಗೆಯೇ ಬಿಟ್ಟು ಉಳಿದೆಲ್ಲವನ್ನೂ ಕುಗ್ಗಿಸುವುದು. 1676ನ್ನು 16.5ರಿಂದ ಭಾಗಿಸಿದರೆ ಸುಮಾರು 102 ಬರುತ್ತದೆ. ನೂರನೇ ಒಂದು ಭಾಗಕ್ಕೆ ಕಟ್ಟಿದರೆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಕಟ್ಟಡಗಳ ಮಾದರಿ ಮಾಡುವ ಆರ್ಕಿಟೆಕ್ಟರು ಬಳಸುವ ಅಳತೆಗಳಲ್ಲಿ ಇದೂ ಒಂದಾದ್ದರಿಂದ ಮರ, ಮನುಷ್ಯರ ಬೊಂಬೆಗಳನ್ನು ಅವರ ಸಾಮಾನಿನ ಅಂಗಡಿಯಲ್ಲಿ ಹುಡುಕಬಹುದು.

ಮೀಟರ್ ಗೇಜಿನ ಕತೆಯೇ ಬೇರೆ. 1000ವನ್ನು 87ರಿಂದ ಭಾಗಿಸಿದರೆ 11.5. ಇದಕ್ಕೆ ತೀರ ಹತ್ತಿರದ 12 ಮಿಲಿಮೀಟರ್ ಹಳಿ ಸಿದ್ಧವಾಗಿಯೇ ಸಿಗುತ್ತದೆ. ಕಾರಣ ಸ್ವಿಟ್ಜರ್ಲೆಂಡ್. ಆಲ್ಪ್ಸ್ ಬೆಟ್ಟಗಳಲ್ಲಿ ಓಡುವ ರೇಷಿಯನ್ ರೈಲ್ವೆ ಮೀಟರ್ ಗೇಜಿನದು, ಅದನ್ನು ಮಾದರಿಯಲ್ಲಿ ಕಟ್ಟುವವರಿಗಾಗಿ ಈ ಹಳಿ ತಯಾರಾಗುತ್ತದೆ. ಅರಸೀಕೆರೆಯ ರೈಲನ್ನೋ ಬೀರೂರಿನ ರೈಲನ್ನೋ ಮೇಜಿನ ಮೇಲೆ ಕಟ್ಟುವವನು ಸ್ವಿಸ್ ಬೆಟ್ಟದ ಹಳಿಯ ಮೇಲೆ ಓಡಿಸಬಹುದು. ಈ ಕಾಕತಾಳೀಯದ ಹಿಂದೆ ಕಲ್ಕತ್ತೆಯ ವೈಸರಾಯ್ ಕಚೇರಿಯಲ್ಲಿ ಆದ ಒಂದು ತೀರ್ಮಾನವಿದೆ.

*

ಭಾರತಕ್ಕೆ ರೈಲು ತರುವಾಗ ಗವರ್ನರ್ ಜನರಲ್ ಡಾಲ್‌ಹೌಸಿ ಇಂಗ್ಲೆಂಡಿನ 4 ಅಡಿ 8½ ಅಂಗುಲದ ಹಳಿ ಇಲ್ಲಿಗೆ ಸಾಲದೆಂದ. ಅವನಿಗೆ 6 ಅಡಿ ಬೇಕಿತ್ತು. ಕೊನೆಗೆ ನಿಂತದ್ದು 5 ಅಡಿ 6 ಅಂಗುಲಕ್ಕೆ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಹೊರಟ ರೈಲು ಆ ಹಳಿಯದು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಬಂದ ಮದ್ರಾಸ್ ರೈಲ್ವೆಯ ದಾರಿಯೂ ಅದೇ.

ಈ ದಾರಿಗಳನ್ನು ಕಟ್ಟಿದವು ಇಂಗ್ಲೆಂಡಿನ ಖಾಸಗಿ ಕಂಪನಿಗಳು. ಹಾಕಿದ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಗೆ ಸರ್ಕಾರದ ಖಾತರಿ ಇತ್ತು. ದಾರಿಯಿಂದ ಅಷ್ಟು ಹುಟ್ಟದಿದ್ದರೆ ಕೊರತೆ ತುಂಬುತ್ತಿದ್ದದ್ದು ಭಾರತದ ತೆರಿಗೆ ಹಣ. ಖರ್ಚಿಗೆ ಕಡಿವಾಣವಿರಲಿಲ್ಲ. 1870ರ ಹೊತ್ತಿಗೆ ವೈಸರಾಯ್ ಮೇಯೊ ಅಗ್ಗದ ರೈಲಿನ ಮಾತು ಎತ್ತಿದ. ಸಾಗಣೆ ಕಡಿಮೆ ಇರುವ ಒಳನಾಡಿಗೆ ಕಿರಿದಾದ ಹಳಿ ಸಾಕು. ಸೇತುವೆ ಹಗುರವಾಗುತ್ತದೆ, ತಿರುವು ಚಿಕ್ಕದಾಗುತ್ತದೆ, ನೆಲ ಅಗೆಯುವ ಕೆಲಸ ಇಳಿಯುತ್ತದೆ ಎಂಬುದು ವಾದ. ಭಾರತಕ್ಕೆ ಮೆಟ್ರಿಕ್ ಪದ್ಧತಿ ತರುವ ಯೋಚನೆಯೂ ಆಗ ಇದ್ದುದರಿಂದ ಅಳತೆ ಸರಿಯಾಗಿ ಒಂದು ಮೀಟರಿಗೆ ಬಂದು ನಿಂತಿತು. ದೇಶ ಮುಂದಿನ ಎಂಟು ದಶಕ ಅಡಿ, ಗಜ, ಮೈಲಿಗಳಲ್ಲೇ ಅಳೆಯಿತು. ಮೆಟ್ರಿಕ್ ಆದದ್ದು ಹಳಿಯೊಂದೇ.

1873ರಲ್ಲಿ ದೆಹಲಿ–ರೇವಾಡಿ ನಡುವೆ ಮೊದಲ ಮೀಟರ್ ಗೇಜ್ ರೈಲು ಓಡಿತು. ಹೊರನಾಡ ಕನ್ನಡಿಗರು ಇವತ್ತು ನೆಲೆಸಿರುವ ಊರುಗಳಲ್ಲಿ ಅದರ ಗುರುತು ಎಲ್ಲೆಡೆ ಇತ್ತು. ಸಿಕಂದರಾಬಾದಿನಿಂದ ಮನಮಾಡಿಗೆ ನಿಜಾಮನ ಮೀಟರ್ ಗೇಜ್. ಮದ್ರಾಸಿನಲ್ಲಿ ಬೀಚ್‌ನಿಂದ ತಾಂಬರಂವರೆಗೆ 1931ರಿಂದ ವಿದ್ಯುತ್ತಿನಲ್ಲಿ ಓಡಿದ ಲೋಕಲ್ ರೈಲೂ ಮೀಟರ್ ಗೇಜೇ. ಅದು 2004ರವರೆಗೂ ಇತ್ತು.

ಮೈಸೂರಿಗೆ ಅದು ಬಂದದ್ದು ಹಸಿವಿನ ಬೆನ್ನಿಗೆ. 1876–78ರ ಧಾತು ಈಶ್ವರ ಬರದಲ್ಲಿ ಜನರಿಗೆ ಕೂಲಿ ಕೊಡಲು ಬೆಂಗಳೂರು–ಮೈಸೂರು ದಾರಿಯ ಮಣ್ಣು ಕೆಲಸ ಶುರುವಾಯಿತು. ಗಂಜಿಗಾಗಿ ಬುಟ್ಟಿ ಹೊತ್ತವರು ಹಾಕಿದ ಏರಿಯ ಮೇಲೆ ಆ ಹಳಿ ಮಲಗಿತು. 1881ರಲ್ಲಿ ಬ್ರಿಟಿಷರು ಆಡಳಿತವನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದಾಗ ದಿವಾನ್ ರಂಗಾಚಾರ್ಲು ಅವರ ಕೈಗೆ ಸಿಕ್ಕ ಸಂಸ್ಥಾನ ಬರದ ಸಾಲದಲ್ಲಿ ಮುಳುಗಿತ್ತು. ಆದರೂ ಮರುವರ್ಷ, 1882ರಲ್ಲಿ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಹಾದು 86 ಮೈಲಿ ದೂರದ ಮೈಸೂರಿಗೆ ರೈಲು ಮುಟ್ಟಿತು. ಅಷ್ಟು ಬಡತನದಲ್ಲಿ 5½ ಅಡಿಯ ಹಳಿ ಹಾಕುವ ಶಕ್ತಿ ಸಂಸ್ಥಾನಕ್ಕೆ ಇರಲಿಲ್ಲ. ಮೇಜಿನ ಮೇಲಿನ ಆ 12 ಮಿಲಿಮೀಟರಿನಲ್ಲಿ ಈ ಲೆಕ್ಕವೂ ಅಡಗಿದೆ.

ಮೀಟರ್ ಗೇಜಿನಷ್ಟೂ ಖರ್ಚು ಹುಟ್ಟದ ಕಡೆ ಇನ್ನೂ ಕಿರಿದಾದ ಹಳಿ ಬಂತು. ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರದ ಮೂಲಕ ಯಲಹಂಕದತ್ತ 2½ ಅಡಿಯ ನ್ಯಾರೋ ಗೇಜ್. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ 2 ಅಡಿಯ ಟ್ರಾಮ್ ದಾರಿ. ಭಾರತೀಯ ರೈಲ್ವೆ ತನ್ನ ಎಂಜಿನ್‌ಗಳಿಗೆ ಕೊಡುವ ಹೆಸರಿನ ಮೊದಲ ಅಕ್ಷರ ಅದರ ಗೇಜನ್ನು ಹೇಳುತ್ತದೆ: ಬ್ರಾಡ್‌ಗೆ ಡಬ್ಲ್ಯು, ಮೀಟರಿಗೆ ವೈ, ಎರಡೂವರೆ ಅಡಿಗೆ ಝಡ್, ಎರಡು ಅಡಿಗೆ ಎನ್. ಹಳೆಯ ಮೈಸೂರು ಸೀಮೆಯೊಂದರಲ್ಲೇ ಈ ನಾಲ್ಕೂ ಅಳತೆಯ ಹಳಿಗಳಿದ್ದವು. ಯಾವ ಊರಿಗೆ ಎಷ್ಟು ಅಗಲದ ಹಳಿ ಬಂತು ಎಂಬುದು ಆ ಊರಿನಿಂದ ಎಷ್ಟು ಸರಕು ಹೊರಡುತ್ತದೆ, ಯಾರ ಬಳಿ ಎಷ್ಟು ಹಣವಿದೆ ಎಂಬುದರ ಮೇಲೆ ನಿಂತಿತ್ತು. ಬಂಗಾರಪೇಟೆಯಿಂದ ಚಿನ್ನದ ಗಣಿಯ ಕಡೆ ಹೋದ ಹಳಿ ಬ್ರಾಡ್ ಗೇಜ್. ಅದೇ ನಿಲ್ದಾಣದಿಂದ ಕೋಲಾರದ ಹೊಲಗಳ ಕಡೆ ಹೋದದ್ದು ಎರಡೂವರೆ ಅಡಿಯದು.

*

1992ರಲ್ಲಿ ಶುರುವಾದ ಏಕ ಗೇಜ್ ಯೋಜನೆ ಇದನ್ನೆಲ್ಲ ಅಳಿಸಿತು. ಅಳಿಸಬೇಕಾದದ್ದೂ ಹೌದು. ಗೇಜು ಬದಲಾಗುವ ಕಡೆಯಲ್ಲೆಲ್ಲ ಮೂಟೆ ಮೂಟೆಯನ್ನೂ ಹಮಾಲಿಗಳು ಒಂದು ಬೋಗಿಯಿಂದ ಇಳಿಸಿ ಇನ್ನೊಂದಕ್ಕೆ ಹೊರುತ್ತಿದ್ದರು. ಹೊತ್ತು ಹಾಳು, ಸರಕು ಹಾಳು, ಬೆನ್ನು ಹಾಳು. ಮಿರಜದಲ್ಲಿ ಮಕ್ಕಳನ್ನು ಎತ್ತಿಕೊಂಡು ಓಡಿದ ಯಾರೂ ಮೀಟರ್ ಗೇಜ್ ಉಳಿಯಬೇಕಿತ್ತು ಎಂದು ಹೇಳಲಾರರು.

ಆದರೆ ಗೇಜು ಬದಲಿಸುವುದೆಂದರೆ ಹಳಿಯನ್ನು ಎತ್ತಿ ಅಗಲವಾಗಿ ಹಾಕುವುದಷ್ಟೇ ಆಗಿರಲಿಲ್ಲ. ತಿರುವುಗಳನ್ನು ಸಡಿಲಿಸಿದರು, ಪ್ಲಾಟ್‌ಫಾರಂ ಎತ್ತರಿಸಿದರು. ಉಗಿ ಎಂಜಿನ್‌ಗೆ ನೀರು ತುಂಬಿಸುತ್ತಿದ್ದ ಕಂಬ, ಎಂಜಿನ್ ತಿರುಗಿಸುವ ಚಕ್ರ, ಕೈಮರ, ಅದನ್ನು ಎಳೆಯುವ ಸನ್ನೆಗೋಲು, ಗೂಡ್ಸ್ ಶೆಡ್ಡಿನ ಪಕ್ಕದ ಕುರುಡು ಹಳಿ, ಎಲ್ಲ ಗುಜರಿಗೆ ಹೋದವು. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಬುಡಸಮೇತ ಎತ್ತಿ ಸುಮಾರು 100 ಮೀಟರಿನಾಚೆಗೆ ಸರಿಸಿ ಉಳಿಸಿಕೊಂಡರು. ಅದು ಸ್ಮಾರಕವೆಂದು ಎಲ್ಲರಿಗೂ ಗೊತ್ತಿತ್ತು. ಸನ್ನೆಗೋಲಿನ ಕೋಣೆಯನ್ನು ಯಾರೂ ಹಾಗೆ ಕರೆದಿರಲಿಲ್ಲ.

ಮಾಮೂಲಿ ವಸ್ತುಗಳು ಹೀಗೆ ಕಣ್ಣೆದುರೇ ಮರೆಯಾಗುವಾಗ ಒಬ್ಬ ಮನುಷ್ಯ ಏನು ಮಾಡಬಹುದು ಎಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ಉದಾಹರಣೆ ಇದೆ. ರಾಯ್ ಇಂಗ್ಲೆಂಡ್ ಎಂಬ ಆಸ್ಟ್ರೇಲಿಯಾದ ಹುಡುಗ 1925ರಲ್ಲಿ ಅಲ್ಲಿಗೆ ಬಂದ. ರೈಲಿನ ಹುಚ್ಚು ಅವನನ್ನು ವೇಲ್ ಆಫ್ ವೈಟ್ ಹಾರ್ಸ್ ಎಂಬ ಕಣಿವೆಯ ಹಳ್ಳಿಗಳಿಗೆ ಕರೆದೊಯ್ದಿತು. ಅಲ್ಲಿನ ಹುಲ್ಲು ಮಾಡಿನ ಮನೆಗಳು ಒಂದೊಂದಾಗಿ ಬದಲಾಗುತ್ತಿರುವುದನ್ನು ಅವನು ಕಂಡ. ಮನೆಗಳನ್ನು ಉಳಿಸುವ ಅಧಿಕಾರ ಅವನಿಗಿರಲಿಲ್ಲ. ಅಳೆಯುವ ಕೈ ಇತ್ತು. ಮನೆ ಮನೆಗೆ ಹೋಗಿ ಅಳೆದ, ಬಣ್ಣ ಬರೆದುಕೊಂಡ, ರಟ್ಟಿನಲ್ಲಿ ಇಟ್ಟಿಗೆ ಇಟ್ಟಿಗೆಯನ್ನೂ ಗೀರಿ ಬಣ್ಣ ಹಚ್ಚಿ ಒಂದು ಅಡಿಗೆ 4 ಮಿಲಿಮೀಟರಿನಂತೆ ಕಟ್ಟತೊಡಗಿದ. 1954ರಲ್ಲಿ ಅವನು ಲಾಂಗ್ ವಿಟ್ಟನಂ ಎಂಬ ಹಳ್ಳಿಯಲ್ಲಿ ಶುರು ಮಾಡಿದ ಪೆಂಡನ್ ಮ್ಯೂಸಿಯಂನಲ್ಲಿ ಆ ಕಣಿವೆಯ 1930ರ ಆಸುಪಾಸಿನ ಬದುಕು ಇವತ್ತಿಗೂ ಮುಂದುವರಿಯುತ್ತಿದೆ. ಅವನು 1995ರಲ್ಲಿ ತೀರಿಕೊಂಡ. ಕೆಲಸವನ್ನು ಸ್ವಯಂಸೇವಕರು ಮುಂದುವರಿಸಿದ್ದಾರೆ. ರೈಲಿನ ಮಾದರಿ ಮಾಡಲು ಹೊರಟವನು ಕೊನೆಗೆ ಒಂದು ಸೀಮೆಯ ಇತಿಹಾಸಕಾರನಾದ.

*

ನಮ್ಮಲ್ಲಿ ಹಾಗೆ ಕಟ್ಟಲು ತಕ್ಕ ದಾರಿ ಯಾವುದು ಎಂದರೆ ಹಾಸನ–ಮಂಗಳೂರು ನೆನಪಿಗೆ ಬರುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗ, 109 ಸೇತುವೆ. 1979ರಲ್ಲಿ ಮೀಟರ್ ಗೇಜಾಗಿ ತೆರೆದ ದಾರಿ 1990ರ ದಶಕದಲ್ಲಿ ಗೇಜು ಬದಲಿಸಲು ಮುಚ್ಚಿತು. ಬ್ರಾಡ್ ಗೇಜಿನಲ್ಲಿ ಪ್ರಯಾಣಿಕರು ಮತ್ತೆ ಹತ್ತಿದ್ದು 2007ರ ಕೊನೆಗೆ. ಅಷ್ಟು ಕಷ್ಟಪಟ್ಟು ಕೊರೆದ ಘಟ್ಟದಲ್ಲಿ ಮೀಟರ್ ಗೇಜ್ ಬದುಕಿದ್ದು 20 ವರ್ಷವೂ ಅಲ್ಲ.

55 ಕಿಲೋಮೀಟರನ್ನು 87ರಿಂದ ಭಾಗಿಸಿದರೂ 630 ಮೀಟರಿಗೆ ಮೇಲಾಗುತ್ತದೆ. ಯಾವ ಮನೆಯಲ್ಲೂ ಅಷ್ಟು ಜಾಗವಿರುವುದಿಲ್ಲ. ಆದ್ದರಿಂದ ಮಾದರಿ ಕಟ್ಟುವವರು ಎಲ್ಲವನ್ನೂ ಕುಗ್ಗಿಸುವ ಬದಲು ಆರಿಸುತ್ತಾರೆ: ಒಂದು ಸೇತುವೆ, ಎರಡು ಸುರಂಗದ ಬಾಯಿ, ಯಡಕುಮೇರಿಯಂಥ ಒಂದು ನಿಲ್ದಾಣ, ಅಲ್ಲಿ ಎದುರು ಬದುರಾಗುವ ಎರಡು ರೈಲು. 200 ಮೀಟರಿನ ಪ್ಲಾಟ್‌ಫಾರಂ 2.3 ಮೀಟರ್ ಆಗುತ್ತದೆ. ಅದನ್ನೂ ಅರ್ಧಕ್ಕೆ ಇಳಿಸಿ, ರೈಲಿನ ಬೋಗಿಗಳನ್ನೂ ಅದೇ ಲೆಕ್ಕದಲ್ಲಿ ಇಳಿಸಿದರೆ ಕಣ್ಣು ಒಪ್ಪಿಕೊಳ್ಳುತ್ತದೆ. ಏರನ್ನು ಮಾತ್ರ ಮೋಸ ಮಾಡಲಾಗದು. ಆ ಘಟ್ಟದ ಏರು 50ಕ್ಕೆ 1. ಮೇಜಿನ ಮೇಲೆ ಮೀಟರಿಗೆ 2 ಸೆಂಟಿಮೀಟರ್. ಪುಟ್ಟ ಎಂಜಿನ್ನೂ ಅಲ್ಲಿ ಏದುಸಿರು ಬಿಡುತ್ತದೆ.

ಸಾಮಾನುಗಳು ಊರಿನಲ್ಲೇ ಸಿಗುತ್ತವೆ. ಹಳಿಯ ಕೆಳಗಿನ ಜಲ್ಲಿ ನಿಜದಲ್ಲಿ 50 ಮಿಲಿಮೀಟರಿನ ಆಸುಪಾಸು, ಮಾದರಿಯಲ್ಲಿ ಅರ್ಧ ಮಿಲಿಮೀಟರಿಗೆ ತುಸು ಹೆಚ್ಚು. ಮನೆ ಕಟ್ಟುವ ಎಂ-ಸ್ಯಾಂಡನ್ನು ಜರಡಿ ಹಿಡಿದರೆ ಅದೇ ಕಲ್ಲು, ಅದೇ ಬಣ್ಣ. ಹಳಿಯ ನಡುವೆ ಒಣದಾಗಿ ಹರಡಿ, ಬ್ರಶ್ಶಿನಲ್ಲಿ ಸರಿಪಡಿಸಿ, ಫೆವಿಕಾಲಿಗೆ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿ ತೊಟ್ಟು ತೊಟ್ಟಾಗಿ ಬಿಡಬೇಕು. ಸೋಪು ಇಲ್ಲದಿದ್ದರೆ ಅಂಟು ಮೇಲೆಯೇ ಗುಂಡಗೆ ನಿಂತು ಜಲ್ಲಿಯನ್ನು ಉರುಳಿಸುತ್ತದೆ. ಕೆಮ್ಮಣ್ಣನ್ನು ಬಾಣಲೆಯಲ್ಲಿ ಹುರಿದು ಪಸೆ ತೆಗೆದು ಸೋಸಿದರೆ ಮಲೆನಾಡಿನ ನೆಲ. ಮಾಡಿಗೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅದು ನಿಲ್ದಾಣಗಳ ತಲೆ ಏರಿತು. ತೆಳು ರಟ್ಟಿನ ಪಟ್ಟಿಯನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಸಾಲು ಸಾಲಾಗಿ ಅಂಟಿಸಿದರೆ ಹೆಂಚಾಗುತ್ತದೆ. ಎಲ್ಲ ಹೆಂಚಿಗೂ ಒಂದೇ ಕೆಂಪು ಬಳಿದರೆ ಸುಳ್ಳು ಎದ್ದು ಕಾಣುತ್ತದೆ. ಮಳೆ ಬೀಳುವ ಬದಿಯಲ್ಲಿ ಪಾಚಿಯ ಕಪ್ಪು ಬೇಕು.

ಕಷ್ಟವಿರುವುದು ಅಂಟಿನಲ್ಲಲ್ಲ, ಇಸವಿಯಲ್ಲಿ. ಮಾದರಿಗೆ ಒಂದು ವರ್ಷ ಗೊತ್ತು ಮಾಡಲೇಬೇಕು. ಬೆಂಗಳೂರು–ಮೈಸೂರು ದಾರಿಯನ್ನು 1972ಕ್ಕೆ ಕಟ್ಟುವುದಾದರೆ ರೈಲಿನ ಮುಂದೆ ಉಗಿಯ ವೈಪಿ ಎಂಜಿನ್ ನಿಲ್ಲಬಹುದು. ಅದರ ದೊಡ್ಡ ಗಾಲಿ ನಾಲ್ಕೂವರೆ ಅಡಿ. ಮಾದರಿಯಲ್ಲಿ 16 ಮಿಲಿಮೀಟರಿಗೆ ಒಂದು ಕೂದಲು ಕಡಿಮೆ. ರಾಜ್ಯಕ್ಕೆ ಇನ್ನೂ ಕರ್ನಾಟಕವೆಂಬ ಹೆಸರು ಬಂದಿಲ್ಲ, ಆದ್ದರಿಂದ ಗೇಟಿನಲ್ಲಿ ಕಾಯುವ ಲಾರಿಯ ನಂಬರು ಎಂವೈ ಎಂದು ಶುರುವಾಗಬೇಕು. 1990ಕ್ಕೆ ಕಟ್ಟಿದರೆ ಎಂಜಿನ್ ವೈಡಿಎಂ-4 ಡೀಸೆಲ್, ನಂಬರು ಕೆಎ ಆಗಬಹುದು. ಕಬ್ಬು ಎಲ್ಲಿ ತುಂಬುತ್ತಿದ್ದರು, ಗೂಡ್ಸ್ ಶೆಡ್ಡಿನ ಬಾಗಿಲು ಎಷ್ಟು, ಕೈಮರ ಯಾವ ಬದಿಗೆ, ನೀರಿನ ತೊಟ್ಟಿಗೆ ನೀರು ಎಲ್ಲಿಂದ, ಪ್ಲಾಟ್‌ಫಾರಮ್ಮಿನ ಮರ ಆಲವೋ ಬೇವೋ? ಪುಸ್ತಕದ ಇತಿಹಾಸ ಕೇಳದ ಈ ಪ್ರಶ್ನೆಗಳಿಗೆ ಉತ್ತರ ಸಿಗದೆ ಮಾದರಿ ಮುಗಿಯುವುದಿಲ್ಲ. ಮೇಜಿನ ಮೇಲೆ ಖಾಲಿ ಬಿಟ್ಟ ಜಾಗ ಖಾಲಿಯಾಗಿಯೇ ಕಾಣುತ್ತದೆ.

*

ಭಾರತದಲ್ಲಿ ರೈಲನ್ನು ಉಳಿಸಿಕೊಳ್ಳುವ ಕೆಲಸ ನಡೆದೇ ಇಲ್ಲವೆಂದಲ್ಲ. ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂ 1977ರಲ್ಲಿ, ಮೈಸೂರಿನ ರೈಲು ಮ್ಯೂಸಿಯಂ 1979ರಲ್ಲಿ ಬಾಗಿಲು ತೆರೆದವು. ಮೈಸೂರಿನಲ್ಲಿ ಅರಮನೆಯ ರೈಲು ಬೋಗಿಗಳ ಒಳಗೆ ಇಣುಕಬಹುದು. ಪುಣೆಯ ಕೊತ್ರೂಡಿನಲ್ಲಿ ಭಾವುಸಾಹೇಬ್ ಜೋಶಿ ಅವರ ಚಿಕಣಿ ರೈಲುಗಳ ಮ್ಯೂಸಿಯಂ 1998ರಿಂದ ಇದೆ. ಹೊತ್ತು ಹೊತ್ತಿಗೆ ದೀಪ ಆರಿಸಿ ಇಡೀ ಪುಟ್ಟ ನಗರವನ್ನು ಓಡಿಸಿ ತೋರಿಸುತ್ತಾರೆ. ಜೀವಂತ ಮೀಟರ್ ಗೇಜ್ ನೋಡಬೇಕೆಂದರೆ ನೀಲಗಿರಿಯ ಬೆಟ್ಟದ ರೈಲಿದೆ.

ಆದರೆ ಮ್ಯೂಸಿಯಂಗೆ ಬರುವುದು ಎಂಜಿನ್ ಮತ್ತು ರಾಜರ ಬೋಗಿ. ಅವು ನಿಲ್ಲುತ್ತಿದ್ದ ಸಣ್ಣ ನಿಲ್ದಾಣ ಬರುವುದಿಲ್ಲ. ಆ ನಿಲ್ದಾಣದಲ್ಲಿ ಸನ್ನೆಗೋಲು ಎಳೆದವರು, ಟೋಕನ್ ಕೊಟ್ಟವರು, ಮೂಟೆ ಹೊತ್ತವರು 1990ರ ದಶಕದ ಮೊದಲಿಗೆ ನಡುವಯಸ್ಸಿನವರಾಗಿದ್ದರು. ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಯಾವ ಹಳಿ ಎಲ್ಲಿ ಕವಲೊಡೆಯುತ್ತಿತ್ತು ಎಂಬುದನ್ನು ಅವರು ಕಾಗದದ ಮೇಲೆ ಗೆರೆ ಎಳೆದು ತೋರಿಸಬಲ್ಲರು. ರೈಲ್ವೆ ಕೆಲಸದಲ್ಲಿದ್ದ ಹಿರಿಯರು ಇಲ್ಲದ ಮನೆತನ ಹುಬ್ಬಳ್ಳಿ, ಅರಸೀಕೆರೆ, ಮೈಸೂರು ಕಡೆ ಅಪರೂಪ.

ಮಾದರಿ ಕಟ್ಟುವವನು ಹಿರಿಯರೊಬ್ಬರ ಎದುರು ಕುಳಿತು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಸ್ಟೇಶನ್ ಮಾಸ್ತರರ ಕೋಣೆಯ ಬಾಗಿಲಿನಿಂದ ಹಳಿ ಎಷ್ಟು ಹೆಜ್ಜೆ? ಹಿರಿಯರು ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. ಆಮೇಲೆ, ಕುಳಿತಲ್ಲೇ, ನಡೆದು ಎಣಿಸುತ್ತಾರೆ.